ಚಿರೆಕಲ್ಲು ಗುಂಡಿಯಲ್ಲಿ ಸುಣ್ಣಕಲ್ಲಿನ ಪಾಠ

ಸೇಡಂ ಕಡೆಯ ಸುಣ್ಣಕಲ್ಲು ಗಣಿಯೊಂದರಲ್ಲಿ ಆರು ವರ್ಷ ಗಿಡ ನೆಡಿಸಿ ಊರಿಗೆ ಬಂದವನು ನಾನು. ಕುಮಟಾ ಹತ್ತಿರ ನಮ್ಮದೇ ಹಳೇ ಚಿರೆಕಲ್ಲು (ಜಂಬಿಟ್ಟಿಗೆ) ಕ್ವಾರಿ, ಕಲ್ಲು ಮುಗಿದ ಮೇಲೆ ಹಾಗೇ ಬಿಟ್ಟ ಇಪ್ಪತ್ತು ಗುಂಟೆ. ಅಲ್ಲಿ ಕಲಿತದ್ದನ್ನೇ ಇಲ್ಲಿ ಮಾಡಿದರಾಯಿತು ಎಂದು ಕೊಟ್ಟಿಗೆ ಗೊಬ್ಬರ ಹಾಕಿ ಬೇವು, ಹೊಂಗೆ ನೆಟ್ಟೆ. ಆಗಸ್ಟ್ ಹೊತ್ತಿಗೆ ಗುಂಡಿಗಳಲ್ಲಿ ನೀರು ನಿಂತು ಬೇವಿನ ಬೇರು ಕೊಳೆತಿತ್ತು. ಹೊಂಗೆ ಹೇಗೋ ತಡೆಯಿತು. ಮಣ್ಣು ನೋಡದೆ ನೆಟ್ಟದ್ದು. ಬೇರೆಯವರು ಮಾಡಿದ್ದರೆ ನಾನೇ ಬೈಯುತ್ತಿದ್ದೆ.

ಮರುವರ್ಷ ಏಪ್ರಿಲ್‌ನಲ್ಲಿ ಜಾಗವನ್ನು ಮೂರು ಮಾಡಿಕೊಂಡೆ: ತಳದ ಕಲ್ಲುಹಾಸು, ಅಂಚಿಗೆ ಸುರಿದ ಕಲ್ಲುಪುಡಿ, ಮೇಲೆ ಕಡಿಯದೆ ಉಳಿದ ಬೇಣ, ಅಂದರೆ ಹುಲ್ಲುಗಾವಲು. ಹತ್ತತ್ತು ಕಡೆ 15 ಸೆಂ.ಮೀ. ಆಳ ತೋಡಿ, ಬದಿಯ ಮಣ್ಣು ಕೆರೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತ ಅರ್ಧ ಕಿಲೋಗೆ ಇಳಿಸಿ ನೆರಳಲ್ಲಿ ಒಣಗಿಸಿದೆ. ತಳದಲ್ಲಿ ಕೆರೆಯಲು ಮಣ್ಣೇ ಇಲ್ಲ, ಹಾರೆ ಠಣ್ ಎಂದಿತು. ಕಲ್ಲುಪುಡಿಯ ಪಿಎಚ್ (7ಕ್ಕಿಂತ ಕೆಳಗಾದರೆ ಹುಳಿ, ಮೇಲಾದರೆ ಕ್ಷಾರ) 5.1 ಬಂತು, ಸೇಡಂನಲ್ಲಿ 8 ದಾಟುತ್ತಿತ್ತು. ಗಿಡಕ್ಕೆ ಬೇಕಾದ ರಂಜಕವನ್ನು (ಫಾಸ್ಫರಸ್) ಅಲ್ಲಿ ಸುಣ್ಣ ಹಿಡಿದಿಟ್ಟುಕೊಳ್ಳುತ್ತದೆ, ಇಲ್ಲಿ ಕಬ್ಬಿಣ, ಅಲ್ಯೂಮಿನಿಯಂ. ಅಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ ಅನ್ನುತ್ತಿದ್ದೆವು. ಇಲ್ಲಿ ನಿಂತಿರುವುದೇ ಕಬ್ಬಿಣದ ಮೇಲೆ.

ತಾನಾಗಿ ಬೆಳೆದ ಗಿಡ ಎಣಿಸಲು ಸೆಪ್ಟೆಂಬರ್‌ವರೆಗೆ ಕಾದೆ, ಬೇಸಿಗೆಯಲ್ಲಿ ಎಣಿಸಿದರೆ ಬೋಳೇ ಸಿಗುತ್ತದೆ. ಹಗ್ಗದಲ್ಲಿ ಒಂದು ಮೀಟರ್ ಚೌಕ ಹಾಕಿ ಕೂತಿದ್ದಾಗ, ಹಿಂದೆ ಇಲ್ಲೇ ಕಲ್ಲು ಕಡಿದಿದ್ದ ನೆರೆಮನೆಯ ಅಜ್ಜ ಬಂದು, "ತಮಾ, ಹುಲ್ಲು ಎಣಿಸೂಕೂ ಸಂಬಳ ಇತ್ತನಾ ನಿಂಗೆ ಅಲ್ಲಿ?" ಅಂದರು. ಇತ್ತು!

ತಳದ ಒದ್ದೆ ಹಾಸಿನಲ್ಲಿ ಕೆಂಪು ಬೊಟ್ಟು ಇಟ್ಟ ಹಾಗೆ ಡ್ರಾಸೆರಾ ಎಂಬ ಪುಟ್ಟ ಗಿಡ. ಎಲೆಯ ರೋಮದ ತುದಿಗೆಲ್ಲ ಅಂಟುಹನಿ, ಒಂದರಲ್ಲಿ ಸೊಳ್ಳೆ ಇನ್ನೂ ಕಾಲಾಡಿಸುತ್ತಿತ್ತು. ಮಣ್ಣಲ್ಲಿ ಸಾರಜನಕ ಸಿಗದ್ದಕ್ಕೇ ಅದು ಹುಳ ಹಿಡಿಯುವುದು. ಗೊಬ್ಬರ ಸುರಿದರೆ ಹುಲ್ಲು ಮೇಲೆದ್ದು ಅದನ್ನು ಮುಚ್ಚುತ್ತದೆ. ಆ ಹಾಸನ್ನು ಮುಟ್ಟಬಾರದೆಂದು ಅಲ್ಲೇ ತೀರ್ಮಾನಿಸಿದೆ. ಅಂಚಿನ ತುಂಬ ಕಮ್ಯುನಿಸ್ಟ್ ಗಿಡ ಎಂಬ ಕಳೆ, ಅಕೇಶಿಯಾ ಸಸಿ. ಆದರೆ ಕಡಿದ ಗೋಡೆಯ ಸಂದಿಗಳಲ್ಲಿ ಹಕ್ಕಿ ತಂದು ಹಾಕಿದ ಕವಳಿ, ಕುಂಟುನೇರಳೆ ಯಾರ ಹಂಗಿಲ್ಲದೆ ಬೆಳೆದಿದ್ದವು. ನರ್ಸರಿ ಪಟ್ಟಿ ಬದಿಗಿಟ್ಟೆ.

ಮುಂದಿನ ಜೂನ್‌ನಲ್ಲಿ ಕಲ್ಲುಪುಡಿಯನ್ನು ದಿಬ್ಬ ಮಾಡಿ, ಬೇಣದ ಮಣ್ಣು ಬುಡಕ್ಕೊಂದು ಬೊಗಸೆ ಹಾಕಿ, ಕವಳಿ, ಕುಂಟುನೇರಳೆ ಮತ್ತು ಗೇರು ನೆಟ್ಟೆ. ನೂರರಲ್ಲಿ ಎಪ್ಪತ್ತರಷ್ಟು ಉಳಿದಿವೆ. ಹೋದವುಗಳಲ್ಲಿ ಹೆಚ್ಚಿನವು ದನ ತುಳಿದದ್ದು. ಈ ಸಲ ಮಳೆಗೆ ಮುಂಚೆ ಬೇಲಿ ಕಟ್ಟಬೇಕು.