ಹಾಳೆಯ ಕಾಕ್‌ಪಿಟ್ ಕಟ್ಟಿ ಎ320 ಟೈಪ್ ರೇಟಿಂಗ್ ಮುಗಿಸಿದ ನನ್ನ ಅನುಭವ

ಸಿಪಿಎಲ್ (ವಾಣಿಜ್ಯ ಪೈಲಟ್ ಪರವಾನಗಿ) ಕೈಗೆ ಬಂದಾಗ ನನ್ನ ಲಾಗ್‌ಬುಕ್‌ನಲ್ಲಿ 200 ಗಂಟೆಗಿಂತ ತುಸು ಹೆಚ್ಚು ಹಾರಾಟವಿತ್ತು, ಅದಕ್ಕೆ ಸುಮಾರು 45 ಲಕ್ಷ ಖರ್ಚಾಗಿತ್ತು. ಏರ್‌ಬಸ್ ಎ320 ವಿಮಾನ ಹಾರಿಸುವ ಅರ್ಹತೆ ಕೊಡುವ ಟೈಪ್ ರೇಟಿಂಗ್ ಕೋರ್ಸ್‌ಗೆ ಮತ್ತೆ 14-15 ಲಕ್ಷ ಬೇಕಾಯಿತು. ಅದರ ದೊಡ್ಡ ಪಾಲನ್ನು ಅಪ್ಪ ತೀರ್ಥಹಳ್ಳಿಯ ಅಡಿಕೆ ತೋಟದ ಮೇಲೆ ಸಾಲ ತೆಗೆದು ಹೊಂದಿಸಿದರು. ಆದ್ದರಿಂದ ಹೆಚ್ಚುವರಿ ಸಿಮ್ಯುಲೇಟರ್ ಸೆಷನ್‌ಗಳಿಗೆ ದುಡ್ಡು ಸುರಿಯಬಾರದೆಂದು ನಿಶ್ಚಯಿಸಿ, ಕೋರ್ಸ್ ಶುರುವಾಗುವ ಆರು ವಾರ ಮೊದಲೇ ಊರಿನ ಮನೆಯಲ್ಲಿ ಸ್ವಿಚ್-ಉಪಕರಣಗಳ ಪ್ಯಾನೆಲ್‌ಗಳ ಮುದ್ರಿತ ಚಿತ್ರಗಳನ್ನು ಜೋಡಿಸಿ ಹಾಳೆಯ ಕಾಕ್‌ಪಿಟ್ ಕಟ್ಟಿದೆ. ಬ್ಯಾಚಿನಲ್ಲಿ ಯಾರೂ ಇದನ್ನು ನಂಬಲಿಲ್ಲ. "ಹಾಳೆ ಮುಟ್ಟಿ ವಿಮಾನ ಕಲಿಯೋಕಾಗಲ್ಲಪ್ಪ, ಸಿಮ್‌ನಲ್ಲಿ ಅವರೇ ಹೇಳಿಕೊಡ್ತಾರೆ" ಎಂದು ಸೀನಿಯರ್ ಒಬ್ಬರು ಹೇಳಿದ್ದು ನೆನಪಿದೆ.

ಶಿವಮೊಗ್ಗದ ಫ್ಲೆಕ್ಸ್ ಅಂಗಡಿಯಲ್ಲಿ ಪ್ಯಾನೆಲ್‌ಗಳನ್ನು ಹೆಚ್ಚುಕಡಿಮೆ ನಿಜವಾದ ಅಳತೆಯಲ್ಲೇ ಮುದ್ರಿಸಲು 1,800 ರೂಪಾಯಿ ಆಯಿತು. ಮೊದಲು ಎಲ್ಲವನ್ನೂ ಗೋಡೆಗೆ ಹೊಡೆದಿದ್ದು ತಪ್ಪಾಯಿತು. ಓವರ್‌ಹೆಡ್‌ನ (ತಲೆಯ ಮೇಲಿನ ಪ್ಯಾನೆಲ್‌ನ) ಫ್ಲೋ, ಅಂದರೆ ಸ್ವಿಚ್‌ಗಳನ್ನು ಕ್ರಮವಾಗಿ ಮುಟ್ಟುತ್ತಾ ಹೋಗುವ ಅಭ್ಯಾಸ, ಮಾಡುವಾಗ ಕೈ ಮೇಲಕ್ಕೆ ಹೋಗುವ ಬದಲು ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಅದನ್ನು ಅಟ್ಟದ ತೊಲೆಗಳ ಅಡಿಗೆ ಮೊಳೆ ಹೊಡೆದು ಬಿಗಿದು, ಕುರ್ಚಿಯ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಸರಿಮಾಡಿದ ಮೇಲೆಯೇ ಅಭ್ಯಾಸ ಹಿಡಿತಕ್ಕೆ ಬಂತು.

ಮೊದಲ ಮೂರು ವಾರ ಒಬ್ಬನೇ ಕುಳಿತು, ಬಾಯಿ ತೆರೆಯದೆ ಮಾಡಿದೆ. ಅದು ಬಹುಪಾಲು ವ್ಯರ್ಥ, ಏಕೆಂದರೆ ಕೈ ಕಲಿಯಿತೇ ಹೊರತು ನಾಲಿಗೆ ಕಲಿಯಲಿಲ್ಲ. ಆಮೇಲೆ ಪಿಯುಸಿ ಓದುತ್ತಿದ್ದ ತಂಗಿಯನ್ನು ಬಲಗಡೆ ಕೂರಿಸಿ ಪೈಲಟ್ ಮಾನಿಟರಿಂಗ್ (ಹಾರಿಸದೆ ಗಮನಿಸುವ ಪೈಲಟ್) ಗಟ್ಟಿಯಾಗಿ ಹೇಳಬೇಕಾದ ಕಾಲ್‌ಔಟ್‌ಗಳನ್ನು ಅವಳಿಗೆ ಬರೆದುಕೊಟ್ಟೆ. ಪಿಎಫ್‌ಡಿಯ (ಪೈಲಟ್ ಮುಂದಿನ ಮುಖ್ಯ ಪರದೆಯ) ಮೇಲ್ಭಾಗದಲ್ಲಿ, ಯಾವ ಮೋಡ್‌ಗಳು ಚಾಲ್ತಿಯಲ್ಲಿವೆ ಎಂದು ತೋರಿಸುವ ಎಫ್‌ಎಂಎಯ ಐದು ಕಾಲಮ್‌ಗಳಿಗೆ ಚೀಟಿಗಳನ್ನು ಸಿಕ್ಕಿಸುವ ಕೆಲಸವೂ ಅವಳದೇ. ನಾನು ಟೇಕಾಫ್‌ಗೆ ಥ್ರಸ್ಟ್ (ಎಂಜಿನ್ ಶಕ್ತಿ) ಇಟ್ಟು, ಆ ಮೋಡ್‌ಗಳನ್ನು "ಮ್ಯಾನ್ ಫ್ಲೆಕ್ಸ್, ಎಸ್‌ಆರ್‌ಎಸ್, ರನ್‌ವೇ, ಆಟೋಥ್ರಸ್ಟ್ ಬ್ಲೂ" ಎಂದು ಸರಾಗವಾಗಿ ಹೇಳುತ್ತಿದ್ದೆ. ಒಂದು ದಿನ ಅವಳು ನನಗೆ ತಿಳಿಸದೆ ರನ್‌ವೇ ಚೀಟಿಯನ್ನು ತೆಗೆದಿದ್ದಳು. ನಾನು ಅದನ್ನೂ ಸೇರಿಸಿಯೇ ಹೇಳಿದೆ. "ಅಣ್ಣಾ, ನೀನು ನೋಡಿ ಓದ್ತಿಲ್ಲ, ಬಾಯಿಪಾಠ ಒಪ್ಪಿಸ್ತಿದೀಯ" ಎಂದಳು. ಹೊರಡುವ ರನ್‌ವೇಯ ಐಎಲ್‌ಎಸ್ (ರನ್‌ವೇಯ ದಾರಿ ತೋರುವ ರೇಡಿಯೊ ಸಂಕೇತ) ಟ್ಯೂನ್ ಆಗಿರದಿದ್ದರೆ ಆ ಮೋಡ್ ಬರುವುದೇ ಇಲ್ಲವೆಂದು ಪುಸ್ತಕದಲ್ಲಿ ಓದಿ ಗೊತ್ತಿದ್ದರೂ ನನ್ನ ಕಣ್ಣು ಅದನ್ನು ಹುಡುಕಿರಲಿಲ್ಲ. ಅಂದಿನಿಂದ ಪ್ರತಿ ಸುತ್ತಿನಲ್ಲೂ ಅವಳು ಒಂದು ಚೀಟಿ ಬದಲಾಯಿಸುತ್ತಿದ್ದಳು. ಚೀಟಿ ಬದಲಿಸಲು ನಾವು ಕಂಡುಕೊಂಡ ಕ್ರಮವನ್ನು ಸದ್ಯ ನಮ್ಮಲ್ಲೇ ಇಟ್ಟುಕೊಂಡಿದ್ದೇನೆ.

ಈ ನಡುವೆ ದ್ರವದ ಒತ್ತಡದಿಂದ ವಿಮಾನದ ಭಾಗಗಳನ್ನು ಅಲುಗಿಸುವ ಹೈಡ್ರಾಲಿಕ್ಸ್ ಅನ್ನು ತೋಟದ ಪಂಪ್‌ಸೆಟ್‌ಗೆ ಹೋಲಿಸಿ ಅಪ್ಪನಿಗೆ ವಿವರಿಸುವ ಪ್ರಯೋಗವನ್ನೂ ಮಾಡಿದೆ. ಅದರಲ್ಲಿ ಬಣ್ಣದ ಹೆಸರಿನ ಮೂರು ವ್ಯವಸ್ಥೆಗಳು: ಹಸಿರು ಒಂದನೇ ಎಂಜಿನ್‌ನದು, ಹಳದಿ ಎರಡನೆಯದು, ನೀಲಿಗೆ ವಿದ್ಯುತ್ ಪಂಪ್, ಅದೂ ಇಲ್ಲವಾದರೆ ಗಾಳಿಗೆ ತಿರುಗುವ ರ‍್ಯಾಟ್. "ಹಂಗಾದ್ರೆ ಒಂದು ಪೈಪ್ ಒಡೆದ್ರೆ ಇನ್ನೊಂದರ ನೀರೂ ಸೋರಿ ಹೋಗಲ್ವೇನೋ?" ಎಂದು ಅಪ್ಪ ಕೇಳಿದರು. ಹಸಿರು-ಹಳದಿಗಳ ನಡುವಿನ ಪಿಟಿಯು ಎಂಬ ಸಾಧನ ಒತ್ತಡವನ್ನಷ್ಟೇ ದಾಟಿಸುತ್ತದೆ, ದ್ರವವನ್ನಲ್ಲ ಎಂಬುದು ಆ ಪ್ರಶ್ನೆಯಿಂದಲೇ ನನ್ನ ತಲೆಯಲ್ಲಿ ಗಟ್ಟಿಯಾಗಿ ನಿಂತಿತು. 4,000 ಕೊಟ್ಟು ತಂದ ಜಾಯ್‌ಸ್ಟಿಕ್ ಮಾತ್ರ ನಷ್ಟದ ಬಾಬತ್ತು. ಕಂಪ್ಯೂಟರಿನಲ್ಲಿ ಎಂಸಿಡಿಯು (ಹಾರಾಟದ ವಿವರ ತುಂಬುವ ಕೀಲಿಮಣೆ-ಪರದೆ) ತುಂಬುವುದು ರೂಢಿಯಾಯಿತು, ಆದರೆ ಫ್ಲೇರ್‌ಗೆ (ನೆಲ ಮುಟ್ಟುವ ಮುನ್ನ ಮೂಗು ಎತ್ತುವುದಕ್ಕೆ) ಕಣ್ಣಿನ ಅಂದಾಜು ಕೆಟ್ಟಿತು.

ದೇವನಹಳ್ಳಿ ಬಳಿಯ ಕೇಂದ್ರದಲ್ಲಿ ನಾಲ್ಕು ಗಂಟೆಯ ಸೆಷನ್‌ನಲ್ಲಿ ಇಬ್ಬರು; ಅರ್ಧ ಸಮಯ ಹಾರಿಸಬೇಕು, ಅರ್ಧ ಸಮಯ ಮಾನಿಟರ್ ಮಾಡಬೇಕು. ಫ್ಲೋ ಮತ್ತು ಕಾಲ್‌ಔಟ್‌ಗಳಲ್ಲಿ ನಾನು ಬ್ಯಾಚಿನಲ್ಲೇ ಮುಂದಿದ್ದೆ, ಇನ್‌ಸ್ಟ್ರಕ್ಟರ್ ಅದನ್ನು ಬರೆದೂ ಕೊಟ್ಟರು. ಆದರೆ ಫುಲ್ ಫ್ಲೈಟ್ ಸಿಮ್ಯುಲೇಟರ್‌ನ ಮೂರನೆಯ ದಿನ ವಿ1 ಕಟ್‌ನಲ್ಲಿ (ಟೇಕಾಫ್ ಕೈಬಿಡಲಾಗದ ವೇಗ ತಲುಪಿದಾಗ ಒಂದು ಎಂಜಿನ್ ನಿಲ್ಲಿಸುವ ಅಭ್ಯಾಸದಲ್ಲಿ) ಸೋತೆ. ಬಲ ಎಂಜಿನ್ ನಿಂತಾಗ ಎಡ ರಡರ್ ಪೆಡಲ್ ಅನ್ನು ತಡವಾಗಿ, ಅದೂ ಒಮ್ಮೆಲೇ ಒತ್ತಿದೆ. ಜೊತೆಗೆ ಕೈಯಲ್ಲಿ ಹಿಡಿಯುವ ನಿಯಂತ್ರಣ ಕಡ್ಡಿ ಸೈಡ್‌ಸ್ಟಿಕ್ ಅನ್ನೂ ವಾಲಿಸಿದೆ. ನಾಲ್ಕು ಬಾರಿಯೂ ಅದೇ ತಪ್ಪಾಯಿತು. ಬೇಡವೆಂದುಕೊಂಡಿದ್ದ ಹೆಚ್ಚುವರಿ ಸೆಷನ್ ತೆಗೆದುಕೊಳ್ಳಲೇಬೇಕಾಯಿತು, ನನ್ನ ಪಾಲಿಗೆ ಹತ್ತಿರಹತ್ತಿರ 80 ಸಾವಿರ ಹೋಯಿತು. ಹಾಳೆಯ ಕಾಕ್‌ಪಿಟ್‌ನಲ್ಲಿ ಕಾಲಿಗೆ ಕೆಲಸವನ್ನೇ ಕೊಟ್ಟಿರಲಿಲ್ಲವೆಂದು ಆಗ ಹೊಳೆಯಿತು. ಪಿ.ಜಿ. ಕೋಣೆಯಲ್ಲಿ ಹಲಗೆಯೊಂದರ ನಡುವೆ ಕಟ್ಟಿಗೆ ಇಟ್ಟು, ಎರಡು ತುದಿಗೂ ಸೈಕಲ್ ಟ್ಯೂಬಿನ ತುಂಡು ಬಿಗಿದು, ನಾಲ್ಕು ರಾತ್ರಿ ಬರೀ ಕಾಲಿನ ಅಭ್ಯಾಸ ಮಾಡಿದೆ: ನಿಧಾನವಾಗಿ ಒತ್ತುವುದು, ಹಿಡಿದಿಡುವುದು, ಕೈಯನ್ನು ತೊಡೆಯ ಮೇಲೆ ಸುಮ್ಮನಿಡುವುದು.

ಸ್ಕಿಲ್ ಟೆಸ್ಟ್‌ನಲ್ಲಿ ನಿಂತದ್ದು ಎಡ ಎಂಜಿನ್. ಬಲಗಾಲು ತಾನಾಗಿ ಹೋಯಿತು, ವಿಮಾನ ಸೆಂಟರ್‌ಲೈನ್ ಬಿಡಲಿಲ್ಲ. ನಿಧಾನವಾಗಿ ರೊಟೇಟ್ ಮಾಡಿ (ಮೂಗು ಎತ್ತಿ) 12.5 ಡಿಗ್ರಿಯ ಹತ್ತಿರ ನಿಲ್ಲಿಸಿ, ವಿಮಾನ ಅಡ್ಡ ಜಾರುವುದನ್ನು ತೋರುವ ನೀಲಿ ಬೀಟಾ ಟಾರ್ಗೆಟ್ ಅನ್ನು ಕಾಲಿನಿಂದಲೇ ನಡುವಿಗೆ ತಂದು, 400 ಅಡಿ ದಾಟಿದ ಮೇಲೆ "ಇಕ್ಯಾಮ್ ಆಕ್ಷನ್ಸ್" (ದೋಷಕ್ಕೆ ಪರದೆ ತೋರಿಸುವ ಕ್ರಮಗಳನ್ನು ಮಾಡು) ಎಂದು ಕರೆದೆ. ಪರೀಕ್ಷಕರು ಅದನ್ನು ಎರಡನೆಯ ಸಲ ಮಾಡಿಸಲಿಲ್ಲ.