ಇಲ್ಲದ ಬೆಟ್ಟವನ್ನು ನೋಡಲು ರಿಂಜಾನಿ ಹತ್ತಿದೆ

ರಿಂಜಾನಿ ಹತ್ತಬೇಕು ಅಂತ ನನಗೆ ಅನ್ನಿಸಿದ್ದು ಅದರ ಫೋಟೊ ನೋಡಿ ಅಲ್ಲ, 1257ನೇ ಇಸವಿಯ ಕಥೆ ಓದಿ. ಇಂಡೊನೇಷ್ಯಾದ ಲೊಂಬೊಕ್ ದ್ವೀಪದಲ್ಲಿ ಆಗ ಸಮಾಲಸ್ ಅಂತ ಒಂದು ಬೆಟ್ಟ ಇತ್ತು. ಅಂದಾಜು 4,200 ಮೀಟರ್ ಎತ್ತರ. ಆ ವರ್ಷ ಅದು ಸಿಡಿಯಿತು. ಸಿಡಿದ ಮೇಲೆ ಬೆಟ್ಟದ ತಲೆಯೇ ಒಳಕ್ಕೆ ಕುಸಿದು, ಅಲ್ಲೊಂದು ದೊಡ್ಡ ಗುಳಿ ಉಳಿಯಿತು. ಪಮತನ್ ಎಂಬ ಊರು ಮುಚ್ಚಿಹೋಯಿತು ಅಂತ ಅಲ್ಲಿನ ತಾಳೆಗರಿಗಳು ಹೇಳುತ್ತವೆ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಎರಡೂ ಕಡೆಯ ಮಂಜುಗಡ್ಡೆಯಲ್ಲಿ ಆ ಸ್ಫೋಟದ ಗಂಧಕದ ಗುರುತು ಸಿಕ್ಕಿತ್ತು. ಆದರೆ ಸಿಡಿದ ಬೆಟ್ಟ ಯಾವುದು ಅಂತ ವಿಜ್ಞಾನಿಗಳು ಗುರುತಿಸಿದ್ದು 2013ರಲ್ಲಿ. ನಮ್ಮ ಮೈಸೂರಿನ ಹತ್ತಿರ ಹೊಯ್ಸಳರು ಸೋಮನಾಥಪುರದ ದೇವಸ್ಥಾನ ಕಟ್ಟಿಸುತ್ತಿದ್ದ ಕಾಲ ಅದು. ಆ ಗುಳಿಯ ಅಂಚಿನಲ್ಲಿ ಉಳಿದುಕೊಂಡ ಜೊತೆ ಬೆಟ್ಟವೇ ರಿಂಜಾನಿ, 3,726 ಮೀಟರ್.

ಅಲ್ಲಿನ ಸಸಾಕ್ ಜನ ಬೆಟ್ಟದ ಮೇಲೆ ದೇವಿ ಅಂಜನಿ ಇದ್ದಾಳೆ ಅಂತ ನಂಬುತ್ತಾರೆ. ಅಂಜನಾದ್ರಿ ಕಂಡವರಿಗೆ ಆ ಹೆಸರು ಕೇಳಿದರೆ ಮೈ ಜುಮ್ ಅನ್ನುತ್ತೆ, ಅಲ್ವಾ? ಅವರ ಕಥೆ ಬೇರೆ. ಅವಳು ಕಣ್ಣಿಗೆ ಕಾಣದ ಲೋಕದ ರಾಣಿ. ಆದರೂ ಅಷ್ಟು ದೂರದ ಬೆಟ್ಟ ಆ ಹೆಸರಿನಿಂದಲೇ ನನಗೆ ಹತ್ತಿರದ್ದಾಯಿತು.

ಹೋಗಿದ್ದು 2024ರ ಸೆಪ್ಟೆಂಬರ್ ಮೊದಲ ವಾರ. ಜೊತೆಗೆ ಅಣ್ಣನ ಮಗಳು. ಅವಳಿಗೆ ಇಪ್ಪತ್ನಾಲ್ಕು, ನನಗೆ ನಲವತ್ತೇಳು. ತಿಂಗಳನ್ನು ಬೇಕಂತಲೇ ಆರಿಸಿದ್ದೆ. ಮಳೆಗಾಲದಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ, ದಾರಿ ಮುಚ್ಚಿರುತ್ತೆ. ಆಗಸ್ಟ್ 17 ಅವರ ಸ್ವಾತಂತ್ರ್ಯ ದಿನ. ಆ ಹೊತ್ತಿಗೆ ಬಾವುಟ ಹಿಡಿದು ಹತ್ತುವವರ ನೂಕುನುಗ್ಗಲು. ಅದು ಮುಗಿದ ಮೇಲೆ ಬೆಟ್ಟ ಸ್ವಲ್ಪ ಉಸಿರಾಡುತ್ತೆ. ಮಳೆಯೂ ಇರೋದಿಲ್ಲ.

ತಯಾರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲೇ ನನಗೆ ಗರಡಿ. ಸಾವಿರ ಮೆಟ್ಟಿಲು, ವಾರಕ್ಕೆ ಮೂರು ದಿನ, ಬೆನ್ನ ಮೇಲೆ ನೀರಿನ ಬಾಟಲಿ ತುಂಬಿದ ಎಂಟು ಕೆಜಿ ಬ್ಯಾಗು. ಎಲ್ಲರೂ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ. ನಾನು ಇಳಿಯುವುದನ್ನೂ ಅಷ್ಟೇ ಮಾಡಿದೆ, ಯಾಕಂದರೆ ಮಂಡಿ ಹೋಗುವುದು ಇಳಿಯುವಾಗ. ಕೊನೆಗೆ ಒಂದು ಸಲ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿ ಇಳಿದೆವು. 1,712 ಮೀಟರಿನ ಆ ಬೆಟ್ಟ ಹತ್ತಿ ಮಾರನೇ ದಿನ ಕಾಲು ನೋಯದಿದ್ದರೆ ಇದಕ್ಕೆ ಹೊರಡಬಹುದು ಅನ್ನುವುದು ನನ್ನ ಲೆಕ್ಕ.

ಟಿಕೆಟ್ ಮಾಡುವ ಮುಂಚೆ ನೋಡಬೇಕಾದ ಇನ್ನೊಂದು ವಿಷಯ ಇದೆ. ಇದು ಜೀವಂತ ಜ್ವಾಲಾಮುಖಿ. ಗುಳಿಯ ಒಳಗೆ, ಸರೋವರದ ಪಕ್ಕ, ಬಾರುಜಾರಿ ಅಂತ ಒಂದು ಮರಿಬೆಟ್ಟ ಇದೆ. ಬೆಂಕಿ ಬರುವುದು ಅಲ್ಲಿಂದ. 1994, 2009, 2015, ಹೀಗೆ ಆಗಾಗ ಸಿಡಿಯುತ್ತಲೇ ಬಂದಿದೆ. 2015ರ ನವೆಂಬರಿನಲ್ಲಿ ಅದರ ಬೂದಿಯಿಂದ ಬಾಲಿಯ ವಿಮಾನ ನಿಲ್ದಾಣವೇ ಮುಚ್ಚಿತು. 2016ರ ಸೆಪ್ಟೆಂಬರ್ 27ರಂದು ಸಿಡಿದಾಗ ಮೇಲೆ ಚಾರಣಿಗರಿದ್ದರು, ಅವರನ್ನು ಇಳಿಸಬೇಕಾಯಿತು. ಇಂಡೊನೇಷ್ಯಾ ಸರ್ಕಾರ ಪ್ರತಿ ಜ್ವಾಲಾಮುಖಿಗೂ ನಾಲ್ಕು ಹಂತದ ಎಚ್ಚರಿಕೆ ಇಟ್ಟಿದೆ: ನಾರ್ಮಲ್, ವಸ್ಪದ, ಸಿಯಾಗ, ಅವಾಸ್. ಇದನ್ನು ಮಗ್ಮಾ ಇಂಡೊನೇಷ್ಯಾ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಹೊರಡುವ ತಿಂಗಳಿಡೀ ಬೆಳಗ್ಗೆ ಕಾಫಿ ಜೊತೆ ನಾನು ಅದನ್ನೇ ನೋಡುತ್ತಿದ್ದೆ. ಮೂರನೇ ಹಂತಕ್ಕೆ ಹೋದರೆ ದುಡ್ಡು ಹೋದರೂ ಸರಿ, ವಾಪಸ್ ಬರೋದು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಆ ಮಾತನ್ನು ಮನೆಯಲ್ಲೇ ಆಡಿ ಮುಗಿಸಬೇಕು. ಬೆಟ್ಟದ ಬುಡದಲ್ಲಿ ನಿಂತ ಮೇಲೆ ಬುದ್ಧಿ ಓಡುವುದಿಲ್ಲ.

ಬೆಂಗಳೂರಿಂದ ಬಾಲಿಗೆ ವಿಮಾನ, ಅಲ್ಲಿ ಪದಂಗ್‌ಬಾಯ್‌ನಿಂದ ಲೆಂಬಾರ್‌ಗೆ ಹಡಗು, ಆಮೇಲೆ ಕಾರು. ಸೆಂಬಲುನ್ ಹಳ್ಳಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸುತ್ತ ಬೆಳ್ಳುಳ್ಳಿ, ಸ್ಟ್ರಾಬೆರಿ ಹೊಲಗಳು. ಸೆನಾರು ಕಡೆಯಿಂದಲೂ ಹತ್ತಬಹುದು, ಅದು ಕಾಡಿನ ದಾರಿ, ನೆರಳು ಜಾಸ್ತಿ. ಆದರೆ ತುದಿ ಮುಟ್ಟಬೇಕೆಂದರೆ ಸೆಂಬಲುನ್ ದಾರಿ ಒಳ್ಳೆಯದು. ಜಾಸ್ತಿ ಎತ್ತರದಿಂದ ಶುರುವಾಗುತ್ತೆ, ಶಿಬಿರವೂ ತುದಿಯ ಬುಡದಲ್ಲೇ.

ಇಲ್ಲಿ ಒಂದು ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ಟೆಂಟ್, ಮಲಗುವ ಚೀಲ ಎಲ್ಲ ಅವರೇ ಕೊಡುತ್ತಾರೆ ಅಂತ ನಂಬಿ, ಹೊರಡುವ ಮುಂಚೆ ಬಿಚ್ಚಿ ನೋಡಲಿಲ್ಲ. ಮೇಲೆ ಹೋದ ಮೇಲೆ ನನ್ನ ಚೀಲದ ಜಿಪ್ ಅರ್ಧಕ್ಕೇ ನಿಂತಿತು. 2,600 ಮೀಟರಿನ ಗಾಳಿ ಆ ಅರ್ಧದಲ್ಲಿ ರಾತ್ರಿಯೆಲ್ಲ ಒಳಗೆ ಬಂತು. ನೀವು ಹೋದರೆ ಹಳ್ಳಿಯಲ್ಲೇ ಚೀಲ ಬಿಚ್ಚಿ, ಒಳಗೆ ಹೊಕ್ಕು, ಜಿಪ್ ಎಳೆದು ನೋಡಿ. ಹೆಡ್‌ಲ್ಯಾಂಪ್ ಮಾತ್ರ ಮನೆಯಿಂದಲೇ ಒಯ್ಯಿರಿ, ಬ್ಯಾಟರಿ ಎರಡು ಜೊತೆ.

ಮೊದಲ ದಿನ ಬರೀ ಹುಲ್ಲುಗಾವಲು. ಬಿಸಿಲು ನೇರ ತಲೆ ಮೇಲೆ. 1,300, 1,500, 1,800 ಮೀಟರಿನಲ್ಲಿ ಒಂದೊಂದು ತಂಗುದಾಣ. ಮೂರನೆಯದು ದಾಟಿದ ಮೇಲೆ ಬರುತ್ತೆ ನೋಡಿ, ತುಜುಹ್ ಬುಕಿತ್ ಪೆನ್ಯೆಸಲನ್. ಪಶ್ಚಾತ್ತಾಪದ ಏಳು ಗುಡ್ಡ ಅಂತ ಅರ್ಥ. ಒಂದು ಗುಡ್ಡ ಹತ್ತಿ ಇದೇ ಕೊನೆ ಅಂದುಕೊಂಡರೆ ಹಿಂದೆ ಇನ್ನೊಂದು ತಲೆ ಎತ್ತುತ್ತೆ. ನಾವು ಎಣಿಸುವುದನ್ನು ಮೂರಕ್ಕೇ ಬಿಟ್ಟೆವು. ನಮ್ಮ ಗೈಡ್ ಸಸಾಕ್ ಹುಡುಗ, ಬಾಯಲ್ಲಿ ಒಂದೇ ಮಾತು: "ಪೆಲಾನ್ ಪೆಲಾನ್". ಮೆಲ್ಲಮೆಲ್ಲಗೆ ಅಂತ. ಮಾತಾಡಲು ಆಗುವಷ್ಟು ಉಸಿರು ಉಳಿಯಬೇಕು, ಅದೇ ವೇಗದ ಅಳತೆ.

ಪೋರ್ಟರ್‌ಗಳನ್ನು ಕಂಡು ನನಗೆ ಮಾತೇ ಹೊರಡಲಿಲ್ಲ. ಹೆಗಲ ಮೇಲೆ ಬಿದಿರಿನ ಅಡ್ಡೆ, ಎರಡು ತುದಿಗೂ ಬುಟ್ಟಿ, ಕಾಲಲ್ಲಿ ಹವಾಯ್ ಚಪ್ಪಲಿ. ನಮ್ಮ ನೀರು, ಅಕ್ಕಿ, ಟೆಂಟ್ ಎಲ್ಲ ಅದರಲ್ಲಿ. ನಾವು ಮೇಲೆ ಮುಟ್ಟುವಷ್ಟರಲ್ಲಿ ಬಾಳೆಹಣ್ಣಿನ ಬಜ್ಜಿ ಕರಿದು ಕಾಯುತ್ತಿದ್ದರು. ಯಾವ ತಂಡದ ಜೊತೆ ಹೋಗಬೇಕು ಅಂತ ಆರಿಸುವಾಗ, ಪೋರ್ಟರ್‌ಗೆ ಎಷ್ಟು ಕೂಲಿ, ಎಷ್ಟು ಹೊರೆ ಅಂತ ದಯವಿಟ್ಟು ಕೇಳಿ. ತೀರಾ ಅಗ್ಗದ ಟ್ರಿಪ್ ಅಂದರೆ ಆ ದುಡ್ಡು ಅವರ ಹೆಗಲಿನಿಂದಲೇ ಕಡಿತ ಆಗಿರುತ್ತೆ. ನಾವು ಸಸ್ಯಾಹಾರಿಗಳು ಅಂದಿದ್ದಕ್ಕೆ ಟೆಂಪೆ, ಅಂದರೆ ಹುದುಗಿಸಿದ ಸೋಯಾಕಾಳಿನ ಬಿಲ್ಲೆ, ಹುರಿದುಕೊಟ್ಟರು. ಮನೆಯ ಚಟ್ನಿಪುಡಿ ಡಬ್ಬ ಅವರ ಮುಂದಿಟ್ಟೆವು, ಅರ್ಧ ಡಬ್ಬ ಖಾಲಿಯಾಯಿತು.

ಶಿಬಿರ ಇರುವುದು ಗುಳಿಯ ಅಂಚಿನಲ್ಲಿ, 2,639 ಮೀಟರ್, ಪ್ಲಾವಂಗನ್ ಸೆಂಬಲುನ್. ಕೋತಿಗಳ ಕಾಟ ಇದೆ, ಟೆಂಟ್ ಜಿಪ್ ಹಾಕದೆ ಒಂದು ನಿಮಿಷ ಆಚೆ ಹೋಗಬೇಡಿ. ಅಲ್ಲಿ ಬಿದ್ದಿದ್ದ ಕಸ ನೋಡಿ ಹೊಟ್ಟೆ ಉರಿಯಿತು. ಪ್ಲಾಸ್ಟಿಕ್ ಬಾಟಲಿ, ಒದ್ದೆ ಟಿಶ್ಯೂ, ಎಲ್ಲ. ಒಂದು ಖಾಲಿ ಚೀಲ ಒಯ್ದಿದ್ದೆವು, ನಮ್ಮದರ ಜೊತೆ ಅಕ್ಕಪಕ್ಕದ್ದನ್ನೂ ಒಂದಿಷ್ಟು ತುಂಬಿಸಿಕೊಂಡು ಇಳಿದೆವು.

ರಾತ್ರಿ ಎರಡಕ್ಕೆ ಎದ್ದೆವು. ಅಮಾವಾಸ್ಯೆಯ ಸುತ್ತಿನ ಕತ್ತಲು. ಆಕಾಶಗಂಗೆ ಹಾಲು ಚೆಲ್ಲಿದಂತಿತ್ತು. ಚಹಾ, ಎರಡು ಬಿಸ್ಕತ್ತು, ಹೊರಟೆವು. ತುದಿಗೆ ಇನ್ನು ಸಾವಿರ ಮೀಟರಿಗಿಂತ ಜಾಸ್ತಿ ಏರಬೇಕು.

ಏರು ಮೂರು ಥರ ಇದೆ. ಮೊದಲು ಬೇರು, ದೂಳು ತುಂಬಿದ ಕಡಿದಾದ ಏರು. ಮುಂದಿನವರ ದೂಳು ನೇರ ಮುಖಕ್ಕೆ, ಹಾಗಾಗಿ ಮೂಗಿಗೆ ಬಟ್ಟೆ ಬೇಕೇ ಬೇಕು. ಆಮೇಲೆ ಬೆಟ್ಟದ ಬೆನ್ನು. ಅಲ್ಲಿ ಕಾಲಿಗೆ ಸುಖ, ಮೈಗೆ ಗಾಳಿ. ಎಡಕ್ಕೆ ಸೆಂಬಲುನ್ ಕಣಿವೆ, ಬಲಕ್ಕೆ ಗುಳಿ. ಕತ್ತಲಲ್ಲಿ ಎರಡೂ ಕಾಣುವುದಿಲ್ಲ, ಆದರೆ ಬಲಗಡೆಯಿಂದ ಬರುವ ಗಾಳಿಯಲ್ಲೇ ಆ ಆಳ ಗೊತ್ತಾಗುತ್ತೆ. ನಡುಮಧ್ಯ ನಡೆಯಬೇಕು. ಫೋಟೊಗೋಸ್ಕರ ಅಂಚಿಗೆ ಹೋಗುವ ಜಾಗ ಅದಲ್ಲ.

ಕೊನೆಯದಕ್ಕೆ ಅಲ್ಲಿನವರು ಲೆಟರ್ ಇ ಅನ್ನುತ್ತಾರೆ. ಬರೀ ಜಲ್ಲಿ. ಬೂದಿ ಬಣ್ಣದ್ದು, ಕೆಂಪು ಬಣ್ಣದ್ದು, ಕಡಲೆಕಾಳಿನಿಂದ ಹಿಡಿದು ತೆಂಗಿನಕಾಯಿ ಗಾತ್ರದವರೆಗೆ. ಹೆಜ್ಜೆ ಇಟ್ಟರೆ ಕಾಲು ಪಾದದ ಗಂಟಿನವರೆಗೆ ಹೂತು, ಮುಕ್ಕಾಲು ಹೆಜ್ಜೆ ಕೆಳಕ್ಕೆ ಜಾರುತ್ತೆ. ಅವಸರ ಮಾಡಿದಷ್ಟೂ ಜಾರುವುದು ಜಾಸ್ತಿ. ನನಗೆ ಉಪಯೋಗಕ್ಕೆ ಬಂದದ್ದು ಇಷ್ಟು: ಬೂಟಿನ ಮೂತಿಯನ್ನು ಜಲ್ಲಿಯೊಳಗೆ ಒದ್ದು ಊರುವುದು, ಒಂದು ಉಸಿರು ಕಾಯುವುದು, ಜಲ್ಲಿ ಕೂತ ಮೇಲೆ ಭಾರ ಹಾಕುವುದು. ಮುಂದಿನವರ ಹೆಜ್ಜೆಗುರುತಿನಲ್ಲೇ ಕಾಲಿಡುವುದು. ಇಪ್ಪತ್ತು ಹೆಜ್ಜೆ, ನಿಲ್ಲು. ಮತ್ತೆ ಇಪ್ಪತ್ತು. ಬೂಟಿನ ಮೇಲೆ ಗೇಟರ್ ಕಟ್ಟಿದ್ದರಿಂದ ಕಲ್ಲು ಒಳಗೆ ಹೋಗಲಿಲ್ಲ. ಮಗಳು ಕಟ್ಟಿರಲಿಲ್ಲ, ಎರಡು ಸಲ ಕೂತು ಬೂಟು ಕೊಡವಿದಳು.

ಎರಡನೇ ಸಲ ಕೂತವಳು ಏಳಲಿಲ್ಲ. "ಚಿಕ್ಕಪ್ಪ, ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದಳು. ತುಟಿ ನೀಲಿಯಾಗಿತ್ತು. ತಲೆನೋವಿದೆಯಾ, ವಾಕರಿಕೆ ಇದೆಯಾ ಅಂತ ಕೇಳಿದೆ. ಇಲ್ಲ, ಬರೀ ಚಳಿ ಅಂದಳು. ತಲೆ ಸುತ್ತುತ್ತಿದ್ದರೆ ಅಲ್ಲಿಂದಲೇ ಇಳಿಸುತ್ತಿದ್ದೆ. ನನ್ನ ಒಣ ಕೈಗವಸು ಅವಳಿಗೆ ಹಾಕಿ, ಬೆಲ್ಲ, ಕಡಲೆಬೀಜ ತಿನ್ನಿಸಿ, ಬೆನ್ನು ಉಜ್ಜುತ್ತಾ ಕೂತೆ. ಅಷ್ಟರಲ್ಲಿ ಪೂರ್ವಕ್ಕೆ, ಸುಂಬಾವಾ ದ್ವೀಪದ ಮೇಲೆ, ಆಕಾಶ ಕೆಂಪಾಯಿತು. ಸೂರ್ಯ ಹುಟ್ಟುವಾಗ ತುದಿಯಲ್ಲಿರಬೇಕು ಅಂತ ಬಂದಿದ್ದೆವು, ಜಲ್ಲಿಯ ಮೇಲೆ ಕೂತೇ ನೋಡಿದೆವು. ಬಿಸಿಲು ಮೈಗೆ ತಾಗಿ ಐದು ನಿಮಿಷಕ್ಕೆ ಅವಳು ತಾನೇ ಎದ್ದಳು. ತುದಿ ಮುಟ್ಟಿದಾಗ ಏಳು ಗಂಟೆ ಆಗಿತ್ತು.

ತುದಿಯಿಂದ ಕಾಣುವುದೆಲ್ಲ ಚೆಂದವೇ. ಪಶ್ಚಿಮಕ್ಕೆ ಸಮುದ್ರ, ಅದರಾಚೆ ಬಾಲಿಯ ಅಗುಂಗ್. ಪೂರ್ವಕ್ಕೆ ತಂಬೋರ, 1815ರಲ್ಲಿ ಸಿಡಿದ ಬೆಟ್ಟ. ರಿಂಜಾನಿಯ ನೆರಳು ಅಚ್ಚುಕಟ್ಟಾದ ತ್ರಿಕೋನವಾಗಿ ಗುಳಿಯ ಮೇಲೆ ಹಾದು ಮೋಡದವರೆಗೆ ಚಾಚಿತ್ತು. ಆದರೆ ನಾನು ಬಂದಿದ್ದು ಗುಳಿಯನ್ನು ನೋಡಲು. ಅದರೊಳಗೆ ಬಾಳೆಕಾಯಿಯಂತೆ ಬಾಗಿದ ನೀಲಿ ಸರೋವರ, ಸೆಗಾರ ಅನಕ್. ಸಾಗರದ ಮಗು ಅಂತ ಹೆಸರು. ಸೆಗಾರ ಅಂದರೆ ನಮ್ಮ ಸಾಗರವೇ. ಅದರ ತೊಡೆಯಲ್ಲಿ ಕಪ್ಪು ಬಾರುಜಾರಿ. ನಾನು ನಿಂತಿದ್ದ ಎತ್ತರಕ್ಕಿಂತ ಇನ್ನೂ ಸುಮಾರು 500 ಮೀಟರ್ ಮೇಲಕ್ಕೆ, ಎದುರಿನ ಆ ಬರಿಗಾಳಿಯಲ್ಲಿ, ಒಂದು ಬೆಟ್ಟದ ತುದಿ ಇತ್ತು. ಕೈ ಚಾಚಿ ಮಗಳಿಗೆ ತೋರಿಸಿದೆ. "ಎಲ್ಲಿ?" ಅಂದಳು. "ಅಲ್ಲೇ, ಏನೂ ಇಲ್ಲವಲ್ಲ, ಅಲ್ಲೇ" ಅಂದೆ. ಅವಳು ಬಹಳ ಹೊತ್ತು ನೋಡುತ್ತಾ ನಿಂತಳು.

ಇಳಿಯುವಾಗ ಅದೇ ಜಲ್ಲಿ ನಮ್ಮ ಕಡೆಗಾಯಿತು. ಹಿಮ್ಮಡಿ ಊರಿ, ಮಂಡಿ ಸಡಿಲ ಬಿಟ್ಟು, ಸ್ವಲ್ಪ ಹಿಂದಕ್ಕೆ ವಾಲಿದರೆ ಸರಾಗ. ನಾಲ್ಕೂವರೆ ಗಂಟೆ ಹತ್ತಿದ್ದನ್ನು ಎರಡೂವರೆ ಗಂಟೆಯಲ್ಲಿ ಇಳಿದೆವು. ಊಟ ಮಾಡಿ ಸರೋವರಕ್ಕೆ ಮತ್ತೆ 600 ಮೀಟರ್ ಇಳಿತ. ಈ ದಾರಿಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅದು ತಪ್ಪು. ಕಾಲು ಸೋತಿರುತ್ತೆ, ಬಂಡೆ ಕಡಿದು. 2018ರ ಭೂಕಂಪದಲ್ಲಿ ಈ ಬೆಟ್ಟದ ದಾರಿಗಳು ಕುಸಿದು, ನೂರಾರು ಚಾರಣಿಗರು ಮೇಲೆ ಸಿಕ್ಕಿಬಿದ್ದಿದ್ದರು. ನಮ್ಮ ಗೈಡ್ ಇಲ್ಲಿ ಮಾತ್ರ ಪೆಲಾನ್ ಪೆಲಾನ್ ಅನ್ನದೆ, ಒಂದೊಂದು ಬಂಡೆಗೂ ತಾನೇ ಕೈ ಕೊಟ್ಟ.

ಸರೋವರದ ಹತ್ತಿರ ಐಕ್ ಕಲಕ್ ಎಂಬ ಬಿಸಿನೀರಿನ ಊಟೆ ಇದೆ. ಇಬ್ಬರೂ ಕಾಲು ಇಳಿಬಿಟ್ಟು ಕೂತೆವು. ಬಾಲಿಯ ಹಿಂದೂಗಳು ಈ ಸರೋವರಕ್ಕೆ ಪೂಜೆ ಮಾಡಲು ಬರುತ್ತಾರಂತೆ, ಗೈಡ್ ಹೇಳುತ್ತಿದ್ದ. ಮಗಳು ದಡದಲ್ಲಿ ಬಿದ್ದಿದ್ದ ಬಿಳಿ ಕಲ್ಲೊಂದನ್ನು ಎತ್ತಿಕೊಂಡಳು. ಮೈಯೆಲ್ಲ ಸಣ್ಣ ಸಣ್ಣ ತೂತು, ಸ್ಪಂಜಿನ ಥರ, ಹಿಡಿದರೆ ತೂಕವೇ ಇಲ್ಲ. 1257ರಲ್ಲಿ ಈ ದ್ವೀಪದ ತುಂಬ ಸುರಿದದ್ದು ಇಂಥ ಕಲ್ಲೇ. ನೀರಿಗೆ ಹಾಕಿದಳು, ಮುಳುಗಲಿಲ್ಲ. ತೇಲುತ್ತಾ ನಮ್ಮ ಕಾಲಿನ ಹತ್ತಿರವೇ ಸುತ್ತಿತು.

"ಚಿಕ್ಕಪ್ಪ, ಇದನ್ನ ಮನೆಗೆ ತಗೊಂಡು ಹೋಗ್ಲಾ?" ಅಂದಳು. ನಾನು ಬಾಯಿ ತೆರೆಯುವ ಮುಂಚೆ ಗೈಡ್ ನಗುತ್ತಾ ತಲೆ ಅಲ್ಲಾಡಿಸಿದ. ಅವಳು ಕಲ್ಲನ್ನು ಒರೆಸಿ, ಎತ್ತಿಕೊಂಡಿದ್ದ ಜಾಗದಲ್ಲೇ ಇಟ್ಟಳು.