ಮಾರ್ಚ್ 31ರೊಳಗೆ ಮನೆ ಮುಗಿಸಿದರೆ ಇಡೀ ವರ್ಷದ ಬಡ್ಡಿ: ನನ್ನ ಅನುಭವ

ಮಾರ್ಚ್‌ನಲ್ಲಿ ಮನೆ ಮುಗಿದರೆ ಆದಾಯ ತೆರಿಗೆ ಲೆಕ್ಕದಲ್ಲಿ ಆ ಒಂದು ತಿಂಗಳ ಗೃಹಸಾಲದ ಬಡ್ಡಿಯನ್ನು ಮಾತ್ರ ಆದಾಯದಿಂದ ಕಳೆದು ತೋರಿಸಬಹುದು, ಹಿಂದಿನ ಹನ್ನೊಂದು ತಿಂಗಳದ್ದು ಐದು ವರ್ಷಕ್ಕೆ ಹಂಚಿ ಕಳೆಯುವ ಐದು ಕಂತಿನ ಲೆಕ್ಕಕ್ಕೆ ಹೋಗುತ್ತದೆ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಆಫೀಸಿನ ಪೇರೋಲ್‌ನವರು ಅದೇ ಕಾರಣ ಕೊಟ್ಟು ಡಿಕ್ಲರೇಷನ್ ವಾಪಸ್ ಕಳಿಸಿದರು, ತೆರಿಗೆಯನ್ನೂ ಪೂರ್ತಿ ಹಿಡಿದರು. ರಿಟರ್ನ್‌ನಲ್ಲಿ ಇಡೀ ವರ್ಷದ ಬಡ್ಡಿ ಹಾಕಿದೆ, ರಿಫಂಡ್ ಬಂತು. ಹೀಗೇ ಬರುತ್ತದೆ ಎಂದು ಮೊದಲೇ ಹೇಳಿದ್ದೆ.

ಮನೆ ಸಾಲದ ಬಡ್ಡಿಗೆ ಕಡಿತ ಕೊಡುವುದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 24(ಬಿ), ಅದರ ಅಡಿಯ ವಿವರಣೆಯಲ್ಲೇ ಉತ್ತರ ಇದೆ. ಐದು ಸಮ ಕಂತಿಗೆ ಹೋಗುವುದು ಮನೆ ಮುಗಿದ ಆರ್ಥಿಕ ವರ್ಷಕ್ಕಿಂತ ಹಿಂದಿನ ವರ್ಷಗಳ ಬಡ್ಡಿ ಮಾತ್ರ. ಮುಗಿದ ವರ್ಷದ್ದು ಏಪ್ರಿಲ್ 1ರಿಂದಲೇ ಚಾಲ್ತಿ ವರ್ಷದ ಬಡ್ಡಿ, ಮನೆ ಮಾರ್ಚ್ 28ಕ್ಕೆ ಮುಗಿದಿದ್ದರೂ ಸರಿ. (ಸೆಕ್ಷನ್ ನಂಬರ್‌ಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ನಂಬರ್ ಬೇರೆ.)

ನಮ್ಮ ಲೆಕ್ಕ ನೆನಪಿನಿಂದ ಹೇಳುತ್ತೇನೆ. 40 ಲಕ್ಷ ಸಾಲ, ಬಡ್ಡಿ ಸುಮಾರು ಶೇ. 8.6, ಮಂಜೂರಾಗಿದ್ದು 2022ರ ಆಗಸ್ಟ್. ಸೈಟೂ ಸಾಲವೂ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ, ಅರ್ಧರ್ಧ. ಪಾಯ, ಲಿಂಟಲ್, ಮೋಲ್ಡ್ ಹೀಗೆ ಹಂತ ಹಂತವಾಗಿ ಹಣ ಬಿಡುಗಡೆ. 2022-23ರಲ್ಲಿ ಬಡ್ಡಿ 70 ಸಾವಿರದಷ್ಟು, 2023-24ರಲ್ಲಿ 2.6 ಲಕ್ಷ. ಮನೆ ಮುಗಿದದ್ದು 2024ರ ಮಾರ್ಚ್ ಕೊನೆಯ ವಾರ. ಹಾಗಾಗಿ ಐದು ಕಂತಿಗೆ ಹೋದದ್ದು 70 ಸಾವಿರ ಮಾತ್ರ, ವರ್ಷಕ್ಕೆ 14 ಸಾವಿರ. 2.6 ಲಕ್ಷಕ್ಕೆ ಅದನ್ನು ಸೇರಿಸಿ 2.74 ಲಕ್ಷ, ತಲಾ 1.37 ಲಕ್ಷ. ಬೇರೆ ಕಡಿತಗಳೆಲ್ಲ ಹೋದ ಮೇಲೆ ಇಬ್ಬರೂ ಹೆಚ್ಚುಕಡಿಮೆ ಶೇ. 20ರ ಸ್ಲ್ಯಾಬ್. ಸೆಸ್ ಸೇರಿ ಈ ಬಡ್ಡಿಯಿಂದಲೇ 57 ಸಾವಿರದ ಹತ್ತಿರ ಉಳಿಯಿತು.

ಅದೇ ಮನೆ ಏಪ್ರಿಲ್ 10ಕ್ಕೆ ಮುಗಿದಿದ್ದರೆ? 2023-24ರಲ್ಲಿ ಒಂದು ಪೈಸೆ ತೋರಿಸುವಂತಿಲ್ಲ. 3.3 ಲಕ್ಷವೂ ಐದು ಕಂತಿಗೆ ಬಿದ್ದು ವರ್ಷಕ್ಕೆ 66 ಸಾವಿರ. ಆ ಹೊತ್ತಿಗೆ ಪೂರ್ತಿ ಸಾಲದ ಬಡ್ಡಿಯೇ ವರ್ಷಕ್ಕೆ 3.4 ಲಕ್ಷ. ಸ್ವಂತ ವಾಸದ ಮನೆಗೆ ಕಂತೂ ಸೇರಿ ಒಬ್ಬರಿಗೆ ವರ್ಷಕ್ಕೆ ಮಿತಿ 2 ಲಕ್ಷ ತಾನೇ? ಒಬ್ಬರದೇ ಹೆಸರಿನ ಸಾಲವಾಗಿದ್ದರೆ ಆ ಕಂತುಗಳೆಲ್ಲ ನೀರುಪಾಲು.

ಇನ್ನೊಂದು ಲಾಭವನ್ನು ಬಹಳ ಜನ ಗಮನಿಸುವುದಿಲ್ಲ. ಮಾರ್ಚ್‌ವರೆಗೂ ಬಾಡಿಗೆ ಮನೆಯಲ್ಲಿದ್ದುದರಿಂದ ಅದೇ ವರ್ಷ ಸಂಬಳದಲ್ಲಿನ ಬಾಡಿಗೆ ಭತ್ಯೆಗೆ ಸಿಗುವ ಎಚ್‌ಆರ್‌ಎ ವಿನಾಯಿತಿಯೂ ಸಿಕ್ಕಿತು, ಹೆಚ್ಚುಕಡಿಮೆ 1.2 ಲಕ್ಷ. ಬಡ್ಡಿ, ಎಚ್‌ಆರ್‌ಎ ಎರಡೂ ನಮಗೆ ಕೂಡಿಬಂದ ವರ್ಷ ಅದೊಂದೇ.

ಕೆಲಸ ಕೆಡುವುದು ಕೊನೆಯ ಎರಡು ತಿಂಗಳಲ್ಲಿ. ಕಂಟ್ರಾಕ್ಟರ್ ಪೇಂಟಿಂಗ್ ಹಿಡಿದು ಕೂರುತ್ತಾನೆ, ಕರೆಂಟ್ ಮೀಟರ್ ಅರ್ಜಿ ಹಾಗೇ ಉಳಿಯುತ್ತದೆ. ಕ್ರಮ ತಿರುಗಬೇಕು. ನೀರು, ಒಂದು ಟಾಯ್ಲೆಟ್, ಅಡುಗೆ ಕಟ್ಟೆ, ಬಾಗಿಲು ಕಿಟಕಿ, ವೈರಿಂಗ್ ಮೊದಲು. ಎರಡನೇ ಕೋಟ್ ಬಣ್ಣ, ಗೇಟು, ವಾರ್ಡ್‌ರೋಬ್ ಆಮೇಲಾದರೂ ಆದೀತು. ತಾತ್ಕಾಲಿಕ ಕನೆಕ್ಷನ್ ಗೃಹಬಳಕೆಗೆ ಬದಲಾದ ಮೊದಲ ಬಿಲ್ಲು, ಇಂಜಿನಿಯರ್ ಕೊಟ್ಟ ಪೂರ್ಣಗೊಂಡ ಪತ್ರ, ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ, ದಿನಾಂಕ ಬರುವ ಫೋಟೋ, ಇಷ್ಟನ್ನು ಒಂದು ಫೈಲಿಗೆ ಹಾಕಿ. ಗೃಹಪ್ರವೇಶದ ಪತ್ರಿಕೆ ದಾಖಲೆಯಾಗುವುದಿಲ್ಲ. ಪತ್ರದ ದಿನಾಂಕ ಹಿಂದಕ್ಕೆ ಹಾಕಿಸಲೂ ಹೋಗಬೇಡಿ, ಮೀಟರ್ ಬಿಲ್ಲಿನ ತಾರೀಖು ಎದುರಿಗೇ ನಿಲ್ಲುತ್ತದೆ. ಬ್ಯಾಂಕಿನ ಕೊನೆ ಹಂತದ ಹಣ ತಡವಾಗದಂತೆ ಪತ್ರ ಬರೆಯುವ ರೀತಿ ಒಂದಿದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಕಟ್ಟುವಾಗಲೇ ಪೂರ್ತಿ ಇಎಂಐ ಶುರುಮಾಡಿ ಎಂದು ಬ್ಯಾಂಕಿನವರು ಒತ್ತಾಯಿಸುತ್ತಾರೆ. ಬಡ್ಡಿ ಕಡಿಮೆಯಾಗುವುದು ನಿಜ, ಆದರೆ ಮನೆ ಮುಗಿಯುವ ಮುಂಚಿನ ವರ್ಷಗಳಲ್ಲಿ ಕಟ್ಟಿದ ಅಸಲಿಗೆ 80ಸಿ (ಸಾಲದ ಅಸಲು, ಪಿಎಫ್ ಮುಂತಾದವಕ್ಕೆ ಸಿಗುವ ಕಡಿತ) ಇಲ್ಲ, ಮುಂದೆ ಕಂತಿನಲ್ಲೂ ಸಿಗುವುದಿಲ್ಲ. ನಾವು ಬಡ್ಡಿ ಮಾತ್ರ ಕಟ್ಟುವ ಪ್ರೀ-ಇಎಂಐಯಲ್ಲೇ ಇದ್ದೆವು, 80ಸಿ ಪಿಎಫ್‌ನಿಂದಲೇ ತುಂಬುತ್ತಿತ್ತು. ಪ್ರೊಸೆಸಿಂಗ್ ಫೀಯನ್ನೂ ಬಡ್ಡಿಗೆ ಸೇರಿಸಿದೆ. ಸೆಕ್ಷನ್ 2(28ಎ) ಪ್ರಕಾರ ಸಾಲದ ಸೇವಾ ಶುಲ್ಕವೂ ಬಡ್ಡಿಯೇ. ಆಡಿಟರ್ ತಲೆಯಾಡಿಸಲಿಲ್ಲ, ನಾನು ಬಿಡಲಿಲ್ಲ.

ಮನೆ ಗಂಡನ ಹೆಸರಲ್ಲಿದೆ, ಅರ್ಧ ಹೆಂಡತಿಗೆ ದಾನಪತ್ರ ಮಾಡಿಸಿದರಾಯಿತು ಎನ್ನುವವರಿದ್ದಾರೆ. ಆ ದಾರಿ ಹಿಡಿಯಬೇಡಿ. ತಕ್ಕ ಬೆಲೆ ಪಡೆಯದೆ ಸಂಗಾತಿಗೆ ಮನೆ ಬರೆದುಕೊಟ್ಟರೆ ಸೆಕ್ಷನ್ 27ರ ಪ್ರಕಾರ ಕೊಟ್ಟವನೇ ಮಾಲೀಕ. ಬರೇ ಸಹ-ಸಾಲಗಾರ್ತಿ ಆದರೂ ಉಪಯೋಗವಿಲ್ಲ, ಮಾಲೀಕತ್ವ ಬೇಕು. ಕ್ರಯಪತ್ರದ ದಿನವೇ ಎರಡು ಹೆಸರು ಇರಲಿ, ಇಎಂಐಯ ಅರ್ಧ ಹೆಂಡತಿಯ ಸಂಬಳದ ಖಾತೆಯಿಂದಲೇ ಹೋಗಲಿ.

ಪ್ರಯೋಗಕ್ಕೆಂದು ಮಾವನವರಿಂದ 4 ಲಕ್ಷ ಪಡೆದೆವು, ಬಡ್ಡಿ ಶೇ. 7, ವರ್ಷಕ್ಕೆ 28 ಸಾವಿರ. ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ. ಬಂಧುಗಳಿಂದ ಪಡೆದ ಸಾಲದ ಬಡ್ಡಿಗೂ 24(ಬಿ) ಇದೆ, ಅಸಲಿಗೆ 80ಸಿ ಇಲ್ಲ. ಕೊಡುವುದೂ ತೀರಿಸುವುದೂ ಬ್ಯಾಂಕ್ ಮೂಲಕವೇ ಆಗಬೇಕು, ಪ್ಯಾನ್ ಇರುವ ಬಡ್ಡಿ ಪತ್ರ ಬೇಕು. ಮಾವನವರ ಒಟ್ಟು ಆದಾಯವೇ ತೆರಿಗೆ ಬೀಳದ ಮಿತಿಯೊಳಗಿತ್ತು, ಬಡ್ಡಿ ಮನೆಯೊಳಗೇ ಉಳಿಯಿತು.

ಇದೆಲ್ಲ ಕಡಿತಗಳು ಸಿಗುವ ಹಳೇ ತೆರಿಗೆ ಪದ್ಧತಿಯ ಮಾತು. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಏನೂ ಇಲ್ಲ. ನನ್ನ 14 ಲಕ್ಷ ಸಂಬಳಕ್ಕೆ 2023-24ರಲ್ಲಿ ತೆರಿಗೆ ಹಳೇದರಲ್ಲಿ 90 ಸಾವಿರ, ಹೊಸದರಲ್ಲಿ 1.25 ಲಕ್ಷ. ಮರುವರ್ಷ ಎರಡೂ ಸಮಸಮ. 2025-26ರಲ್ಲಿ ಹೊಸದೇ ಅಗ್ಗ, 82 ಸಾವಿರ. ಹೆಂಡತಿಗೆ ಅಲ್ಲಿ ತೆರಿಗೆಯೇ ಇಲ್ಲ. ಸಂಬಳದಾರರು ಪ್ರತಿವರ್ಷ ಪದ್ಧತಿ ಬದಲಿಸಬಹುದು, ಹಳೇದು ಬೇಕಿದ್ದರೆ ಗಡುವಿನೊಳಗೆ ರಿಟರ್ನ್ ಹಾಕಿರಬೇಕು.

ಈಗ ಮೇಲಿನ ಮಹಡಿ ಬಾಡಿಗೆಗೆ ಕಟ್ಟಿಸುತ್ತಿದ್ದೇವೆ. ಬಾಡಿಗೆ ಕೊಟ್ಟ ಭಾಗದ ಬಡ್ಡಿಯನ್ನು ಹೊಸ ಪದ್ಧತಿಯಲ್ಲೂ ಬಾಡಿಗೆಯಿಂದ ಕಳೆಯಬಹುದು, 2 ಲಕ್ಷದ ಮಿತಿ ಇಲ್ಲ, ಆದರೆ ನಷ್ಟವನ್ನು ಸಂಬಳದಲ್ಲಿ ಕಳೆಯಲಾಗದು. ತಿಂಗಳಿಗೆ 14 ಸಾವಿರ ಬಾಡಿಗೆ ಎಂದರೆ ಕಾನೂನೇ ಬಿಡುವ ಶೇ. 30 ಕಳೆದು ವರ್ಷಕ್ಕೆ 1.18 ಲಕ್ಷ, ಅಷ್ಟರವರೆಗಿನ ಬಡ್ಡಿ ಮಾತ್ರ ಕೆಲಸಕ್ಕೆ ಬರುತ್ತದೆ. ಅದಕ್ಕೇ ಮಹಡಿಯ ಸಾಲಕ್ಕೆ ಬೇರೆ ಖಾತೆ ತೆರೆಸಿದ್ದೇವೆ. ಹಳೇ ಸಾಲಕ್ಕೇ ಟಾಪ್-ಅಪ್ ಪಡೆದರೆ ಯಾವ ಬಡ್ಡಿ ಯಾವ ಮಹಡಿಯದು ಎಂದು ಪ್ರತಿವರ್ಷ ಹಂಚುತ್ತಾ ಕೂರಬೇಕಾಗುತ್ತದೆ.